ಹೊಗೆಗೊಳವೆಯೂ ಎಳೆಯುವ ಬಲವೂ

ಗಾಡಿಯ ಸದ್ದು ದೊಡ್ಡದಾದರೆ ಅದರ ಬಲವೂ ದೊಡ್ಡದಾಗಿರಬೇಕೆಂದು ಭಾವಿಸುವುದು ಮನುಷ್ಯಸ್ವಭಾವ. ಗುಡುಗಿದ ಮೋಡವೆಲ್ಲ ಮಳೆ ಸುರಿಸುವುದಿಲ್ಲವೆಂಬುದನ್ನು ಬಲ್ಲ ನಾವೇ ಯಂತ್ರಗಳ ವಿಷಯ ಬಂದಾಗ ಆ ವಿವೇಕವನ್ನು ಮರೆತುಬಿಡುತ್ತೇವೆ. ಈ ಮರೆವಿನಿಂದ ಹಣ ಹಾಳಾಗುವುದಷ್ಟೇ ಆಗಿದ್ದರೆ ಅದರ ಬಗ್ಗೆ ಬರೆಯುವ ಅಗತ್ಯವಿರುತ್ತಿರಲಿಲ್ಲ. ಅದರಿಂದ ಪ್ರಾಣಕ್ಕೂ, ನೆರೆಹೊರೆಯವರ ಆರೋಗ್ಯಕ್ಕೂ ಅಪಾಯ ಒದಗಬಹುದಾದ್ದರಿಂದಲೇ ಈ ವಿಷಯವನ್ನು ವಾಚಕರ ಮುಂದಿಡುತ್ತಿದ್ದೇವೆ.

ಕೆಲವು ವಾರಗಳ ಹಿಂದೆ, ಅಮೆರಿಕದ ಅರಿಜೋನಾ ಸಂಸ್ಥಾನದಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರಿಂದ ಪತ್ರ ಬಂದಿತು. ಅಲ್ಲಿ ಪಿಕಪ್ ಟ್ರಕ್ಕು ಸರಕು ಸಾಗಿಸುವವರ ಸೊತ್ತು ಮಾತ್ರವಲ್ಲ. ಸಂಸಾರವಂದಿಗರ ವಾಹನವೂ ಹೌದು. ರಜೆ ಬಂದಿತೆಂದರೆ ಅದರ ಹಿಂದೆ ದೋಣಿಯನ್ನೋ ಮಲಗುವ ಸೌಕರ್ಯವುಳ್ಳ ಗಾಡಿಮನೆಯನ್ನೋ ಕಟ್ಟಿ ಎಳೆದುಕೊಂಡು ಜನ ಬೆಟ್ಟ ಕಣಿವೆಗಳಿಗೆ ಹೊರಡುತ್ತಾರೆ. ನಮ್ಮ ವಿದ್ಯಾರ್ಥಿಯೂ ಎಂಟು ಸಿಲಿಂಡರುಗಳ, 5.3 ಲೀಟರಿನ ಪೆಟ್ರೋಲ್ ಇಂಜಿನ್ನುಳ್ಳ ಹಳೆಯ ಟ್ರಕ್ಕೊಂದನ್ನೂ 3,000 ಕಿಲೋಗ್ರಾಂ ತೂಗುವ ಗಾಡಿಮನೆಯನ್ನೂ ಕೊಂಡಿದ್ದಾರೆ. ಏರಿನಲ್ಲಿ ವಾಹನ ಏದುಸಿರು ಬಿಡುತ್ತದೆಂದು ಹೇಳಿದಾಗ ಅಲ್ಲಿನ ಕಾರ್ಖಾನೆಯೊಂದರವರು, ಹೊಗೆಗೊಳವೆಯನ್ನು ಬದಲಾಯಿಸಿದರೆ ಎಲ್ಲವೂ ಸರಿಹೋದೀತೆಂದು ಹೇಳಿ ಬೆಲೆಪಟ್ಟಿಯೊಂದನ್ನು ಕೈಗಿತ್ತರಂತೆ. "ಇವುಗಳಲ್ಲಿ ಯಾವುದನ್ನು ಆರಿಸಲಿ? ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಘಟ್ಟ ಹತ್ತಬೇಕು, ಕೈಯಲ್ಲಿರುವ ಹಣ ಮಿತವಾದದ್ದು" ಎಂಬುದು ಅವರ ಪ್ರಶ್ನೆ. ಅವರಿಗೆ ಕೊಟ್ಟ ಉತ್ತರವನ್ನೇ ಕೊಂಚ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಹೊಗೆಗೊಳವೆಯ ಕೆಲಸವೇನೆಂಬುದನ್ನು ನೋಡೋಣ. ಸಿಲಿಂಡರಿನಲ್ಲಿ ಇಂಧನ ಉರಿದು, ಬಿಸಿಯಾದ ಅನಿಲ ಹಿಗ್ಗಿ ಪಿಸ್ಟನ್ನನ್ನು ನೂಕಿದ ಮೇಲೆ, ಉರಿದುಳಿದ ಅನಿಲವನ್ನು ಹೊರಹಾಕದೆ ಹೊಸ ಗಾಳಿಗೆ ಎಡೆಯಿಲ್ಲ. ಇಂಧನದಲ್ಲಿ ಅಡಗಿದ ಶಕ್ತಿಯ ಸುಮಾರು ಮೂರರಲ್ಲೊಂದು ಪಾಲು ಮಾತ್ರ ಉಪಯುಕ್ತ ಕೆಲಸವಾಗಿ ಪರಿಣಮಿಸುತ್ತದೆ. ಇನ್ನೊಂದು ಪಾಲು ಇಂಜಿನ್ನನ್ನು ತಣಿಸುವ ನೀರಿಗೆ ಸೇರುತ್ತದೆ. ಮತ್ತೊಂದು ಪಾಲು ಹೊಗೆಯೊಡನೆ ಹೊರಗೆ ಹೋಗುತ್ತದೆ. ಹೊರಹೋಗುವ ಅನಿಲಕ್ಕೆ ದಾರಿ ಇಕ್ಕಟ್ಟಾದರೆ ಪಿಸ್ಟನ್ನು ಅದನ್ನು ಬಲವಂತವಾಗಿ ದಬ್ಬಬೇಕಾಗುತ್ತದೆ. ಹೀಗೆ ಎದುರಾಗುವ ಒತ್ತಡವನ್ನು ಎದುರೊತ್ತಡವೆಂದು ಕರೆಯೋಣ. ಇದು ಕಡಮೆಯಾದಷ್ಟೂ ಇಂಜಿನ್ನಿಗೆ ಒಳ್ಳೆಯದೆಂಬುದು ನಿಜ. ಕಾರ್ಖಾನೆಯವರ ಮಾತು ಸುಳ್ಳಲ್ಲ. ಆದರೆ ಎಷ್ಟು ಒಳ್ಳೆಯದು, ಯಾವಾಗ ಒಳ್ಳೆಯದು ಎಂಬ ಪ್ರಶ್ನೆಗಳನ್ನು ಅವರು ಕೇಳಿಕೊಂಡಂತೆ ಕಾಣುವುದಿಲ್ಲ. ಭೌತಶಾಸ್ತ್ರದ ವಿದ್ಯಾರ್ಥಿ ಮೊದಲು ಕೇಳಬೇಕಾದ ಪ್ರಶ್ನೆ ಎಷ್ಟು ಎಂಬುದೇ.

ಲೆಕ್ಕ ಹಾಕುವುದಕ್ಕೆ ನಮ್ಮ ವಿದ್ಯಾರ್ಥಿಯ ಸಂಸ್ಥಾನದಲ್ಲಿಯೇ ಒಂದು ಪ್ರಸಿದ್ಧವಾದ ಏರು ಇದೆ. ಕೊಲರಾಡೋ ನದಿಗೆ ಕಟ್ಟಿರುವ ಡೇವಿಸ್ ಅಣೆಕಟ್ಟಿನ ಬಳಿಯಿಂದ ಹೊರಡುವ ಹೆದ್ದಾರಿ ಸುಮಾರು 18 ಕಿಲೋಮೀಟರು ದೂರದಲ್ಲಿ ಸುಮಾರು 900 ಮೀಟರು ಮೇಲೇರುತ್ತದೆ. ಎಂದರೆ ನೂರಕ್ಕೆ ಐದರಂತೆ ಏರು. ಟ್ರಕ್ಕುಗಳ ಎಳೆಯುವ ಸಾಮರ್ಥ್ಯವನ್ನು ತಯಾರಕರು ತಮಗೆ ತೋಚಿದಂತೆ ಸಾರುತ್ತಿದ್ದುದನ್ನು ತಪ್ಪಿಸಲೆಂದು, ಎಸ್.ಎ.ಇ. ಎಂದು ಹೆಸರಾದ ಅಲ್ಲಿನ ವಾಹನ ಇಂಜಿನಿಯರುಗಳ ಸಂಘ 2008ರಲ್ಲಿ ಜೆ 2807 ಎಂಬ ಪರೀಕ್ಷಾಕ್ರಮವನ್ನು ಪ್ರಕಟಿಸಿತು. ಅದರಲ್ಲಿ ಈ ಏರೇ ಒರೆಗಲ್ಲು. ಹೊರಗಿನ ಉಷ್ಣತೆ 38 ಡಿಗ್ರಿ ಸೆಲ್ಸಿಯಸ್ಸಿಗೆ ಕಡಮೆಯಿರಬಾರದು; ಒಳಗಿನ ತಂಪು ಯಂತ್ರ ಪೂರ್ಣವೇಗದಲ್ಲಿ ನಡೆಯುತ್ತಿರಬೇಕು; ಹೊರೆಯೊಡನೆ ಸಾಮಾನ್ಯ ಪಿಕಪ್ಪು ಗಂಟೆಗೆ 64 ಕಿಲೋಮೀಟರಿಗಿಂತ ನಿಧಾನವಾಗಬಾರದು.

ಟ್ರಕ್ಕು, ಗಾಡಿಮನೆ, ಜನ, ಸಾಮಾನು ಎಲ್ಲ ಸೇರಿ 6,000 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಈ ಭಾರವನ್ನು ಆ ವೇಗದಲ್ಲಿ ಆ ಏರಿನ ಮೇಲೆ ಎತ್ತಲು ಸುಮಾರು 53 ಕಿಲೋವ್ಯಾಟ್ ಬೇಕು. ಗಾಲಿಗಳ ಉರುಳು ಘರ್ಷಣೆಗೆ 10, ಗಾಳಿಯ ತಡೆಗೆ 13 ಸೇರಿಸಿದರೆ 76. ಹಲ್ಲುಚಕ್ರಗಳಲ್ಲಿ ನಷ್ಟವಾಗುವುದನ್ನೂ ಲೆಕ್ಕಕ್ಕೆ ಹಿಡಿದರೆ ಇಂಜಿನ್ನು ಕೊಡಬೇಕಾದದ್ದು ಸುಮಾರು 90 ಕಿಲೋವ್ಯಾಟ್, ಎಂದರೆ 120 ಅಶ್ವಶಕ್ತಿ. ನಮ್ಮ ವಿದ್ಯಾರ್ಥಿಯ ಇಂಜಿನ್ನಿನ ಗರಿಷ್ಠ ಸಾಮರ್ಥ್ಯ 300 ಅಶ್ವಶಕ್ತಿಗೂ ಮಿಕ್ಕಿದ್ದು. ಹಾಗಾದರೆ ಏದುಸಿರೇಕೆ? ಆ ಗರಿಷ್ಠ ಸಾಮರ್ಥ್ಯ ದೊರೆಯುವುದು ನಿಮಿಷಕ್ಕೆ 5,500ರ ಆಸುಪಾಸಿನ ಸುತ್ತುಗಳಲ್ಲಿ. 2,500 ಸುತ್ತುಗಳಲ್ಲಿ ಅದು ಕೊಡಬಲ್ಲದ್ದು ಸುಮಾರು 150 ಮಾತ್ರ. ಕಾದ ಗಾಳಿ ತೆಳುವಾದ್ದರಿಂದ ಬೇಸಗೆಯಲ್ಲಿ ಅದೂ ಕೊಂಚ ಕುಗ್ಗುತ್ತದೆ.

ಈಗ ಎದುರೊತ್ತಡದ ಲೆಕ್ಕಕ್ಕೆ ಬರೋಣ. 2,500 ಸುತ್ತುಗಳಲ್ಲಿ ಈ ಇಂಜಿನ್ನಿನ ಪಿಸ್ಟನ್ನುಗಳು ಸೆಕೆಂಡಿಗೆ ಸುಮಾರು 110 ಲೀಟರಿನಷ್ಟು ಜಾಗದಿಂದ ಅನಿಲವನ್ನು ದಬ್ಬುತ್ತವೆ. ಆಗಿನ ಎದುರೊತ್ತಡ 7 ಕಿಲೋಪ್ಯಾಸ್ಕಲ್, ಎಂದರೆ ವಾಯುಮಂಡಲದ ಒತ್ತಡದ ಹದಿನಾಲ್ಕನೆಯ ಒಂದು ಪಾಲು, ಎಂದು ಭಾವಿಸಿದರೆ ಅದನ್ನು ಮೀರಲು ಖರ್ಚಾಗುವ ಶಕ್ತಿ ಒಂದು ಅಶ್ವಶಕ್ತಿ, ಹೆಚ್ಚಲ್ಲ. ಸುತ್ತುಗಳನ್ನು ಇಮ್ಮಡಿಗೊಳಿಸಿ 5,000ಕ್ಕೆ ಏರಿಸಿದರೆ ಎದುರೊತ್ತಡ ನಾಲ್ಮಡಿಯಾಗುತ್ತದೆ. ದಬ್ಬಬೇಕಾದ ಅನಿಲ ಇಮ್ಮಡಿಯಾಗುತ್ತದೆ. ನಷ್ಟ ಎಂಟುಮಡಿಯಾಗಿ ಸುಮಾರು ಎಂಟು ಅಶ್ವಶಕ್ತಿಯನ್ನು ಮುಟ್ಟುತ್ತದೆ. ಹಳೆಯ ಹೊಗೆ ಸಿಲಿಂಡರಿನಲ್ಲಿ ಉಳಿದು ಹೊಸ ಗಾಳಿಯ ಜಾಗವನ್ನು ಆಕ್ರಮಿಸುವುದರಿಂದ ಆಗುವ ನಷ್ಟವನ್ನೂ ಕೂಡಿದರೆ ಈ ಅಂಕಿಗಳು ಕೆಲಮಟ್ಟಿಗೆ ಬೆಳೆಯುತ್ತವೆ. ಅವುಗಳ ನಡುವಣ ಅಂತರದ ಸ್ವರೂಪ ಮಾತ್ರ ಬದಲಾಗದು. ಸಡಿಲವಾದ ಹೊಗೆಗೊಳವೆ ತನ್ನ ಉಪಕಾರವನ್ನೆಲ್ಲ ಓಟದ ಪಂದ್ಯದ ವೇಗದಲ್ಲಿ ಮಾಡುತ್ತದೆ. ಹೊರೆ ಎಳೆಯುವವನಿಗೆ ಉಪಕಾರ ಬೇಕಾಗಿರುವುದು ನಿಧಾನದ ಸುತ್ತುಗಳಲ್ಲಿ. ಅದೇ ಏರಿನಲ್ಲಿ ಗೇರನ್ನು ಒಂದು ಮೆಟ್ಟಿಲು ಇಳಿಸಿ ಇಂಜಿನ್ನನ್ನು 2,500ರಿಂದ 3,500 ಸುತ್ತುಗಳಿಗೆ ತಂದರೆ ಹೆಚ್ಚಾಗಿ ದೊರೆಯುವ ಶಕ್ತಿ ಸುಮಾರು 60 ಅಶ್ವಶಕ್ತಿ! ಇದಕ್ಕೆ ಒಂದು ಕಾಸೂ ಖರ್ಚಿಲ್ಲ.

ಕೊಳವೆಯನ್ನು ಅಗಲಗೊಳಿಸುವ ವಿಷಯದಲ್ಲಿಯೂ ಒಂದು ಮಿತಿ ಉಂಟು. ರಭಸವಾಗಿ ಹರಿಯುವ ಅನಿಲ ಕೊಳವೆಯಲ್ಲಿ ಕಳೆದುಕೊಳ್ಳುವ ಒತ್ತಡ, ವ್ಯಾಸ ಹೆಚ್ಚಿದಂತೆ ಅದರ ಐದನೆಯ ಘಾತಕ್ಕೆ ವಿಲೋಮವಾಗಿ ಇಳಿಯುತ್ತದೆ. ಎರಡೂವರೆ ಅಂಗುಲದ ಕೊಳವೆಯನ್ನು ಮೂರು ಅಂಗುಲಕ್ಕೆ ಹಿಗ್ಗಿಸಿದರೆ ನಷ್ಟ ನೂರರಿಂದ ನಲವತ್ತಕ್ಕೆ ಇಳಿಯುತ್ತದೆ. ಇನ್ನೂ ಅರ್ಧ ಅಂಗುಲ ಹಿಗ್ಗಿಸಿದರೆ ನಲವತ್ತರಿಂದ ಹತ್ತೊಂಬತ್ತಕ್ಕೆ. ಮೊದಲ ಅರ್ಧ ಅಂಗುಲ ಅರುವತ್ತನ್ನು ಉಳಿಸಿತು. ಎರಡನೆಯದು ಇಪ್ಪತ್ತೊಂದನ್ನು ಮಾತ್ರ. ಮುಂದಿನದು ಇನ್ನೂ ಅಲ್ಪ. ತೋಳಿನಷ್ಟು ದಪ್ಪನೆಯ ಕೊಳವೆಯನ್ನು ಕಂಡು ಮೆಚ್ಚುವವರು ಈ ಇಳಿತಾಯವನ್ನು ನೆನಪಿನಲ್ಲಿಡಬೇಕು.

ಎದುರೊತ್ತಡವಿಲ್ಲದಿದ್ದರೆ ನಿಧಾನದ ಸುತ್ತುಗಳಲ್ಲಿ ಎಳೆಯುವ ಬಲ ಕುಗ್ಗುತ್ತದೆ, ಆದುದರಿಂದ ಸ್ವಲ್ಪ ಎದುರೊತ್ತಡ ಅವಶ್ಯಕ ಎಂದು ವಾದಿಸುವವರೂ ಇದ್ದಾರೆ. ಅವರು ಕಂಡದ್ದು ನಿಜ. ಕೊಟ್ಟ ಕಾರಣ ತಪ್ಪು. ಹೊಗೆಯ ಕವಾಟ ತೆರೆದೊಡನೆ ಒತ್ತಡದ ಅಲೆಯೊಂದು ಕೊಳವೆಯುದ್ದಕ್ಕೂ ಶಬ್ದವೇಗದಲ್ಲಿ ಧಾವಿಸುತ್ತದೆ. ಕಾದ ಅನಿಲದಲ್ಲಿ ಆ ವೇಗ ಸೆಕೆಂಡಿಗೆ 550 ಮೀಟರಿನಷ್ಟು. ಕೊಳವೆಗಳು ಕೂಡುವ ಅಗಲವಾದ ತಾಣವನ್ನು ಮುಟ್ಟಿದಾಗ ಅಲೆಯ ಒಂದು ಪಾಲು ಪ್ರತಿಫಲಿಸಿ, ಕಡಮೆ ಒತ್ತಡದ ಅಲೆಯಾಗಿ ಹಿಂದಿರುಗುತ್ತದೆ. ಕವಾಟ ಮುಚ್ಚುವ ಮುನ್ನವೇ ಅದು ಬಂದು ತಲಪಿದರೆ ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಹೀರಿ ತೆಗೆಯುತ್ತದೆ. ಬಾವಿಯಲ್ಲಿ ಕೂಗಿದವನಿಗೆ ಮರುದನಿ ಕೇಳಿಸಲು ಬೇಕಾಗುವ ಹೊತ್ತು ಬಾವಿಯ ಆಳವನ್ನು ಅವಲಂಬಿಸಿರುವಂತೆ, ಈ ಅಲೆ ಹಿಂದಿರುಗುವ ಹೊತ್ತು ಕೊಳವೆಯ ಉದ್ದವನ್ನು ಅವಲಂಬಿಸಿದೆ. ನಿಧಾನದ ಸುತ್ತುಗಳಿಗೆ ಉದ್ದವಾದ, ತೆಳುವಾದ ಕೊಳವೆ ಹೊಂದುತ್ತದೆ. ವೇಗದ ಸುತ್ತುಗಳಿಗೆ ಗಿಡ್ಡನೆಯದು. ಸ್ಥೂಲವಾದ ಲೆಕ್ಕದಂತೆ 2,500 ಸುತ್ತುಗಳಿಗೆ ತಕ್ಕ ಉದ್ದ ಎರಡು ಮೀಟರನ್ನೂ ಮೀರುತ್ತದೆ. ಅಷ್ಟಕ್ಕೆ ಇಂಜಿನ್ನಿನ ಗೂಡಿನಲ್ಲಿ ಜಾಗವೆಲ್ಲಿ? ಆದುದರಿಂದ ಅಲ್ಲಿ ಮಾರುವ ಕೊಳವೆಗಳೆಲ್ಲ ಒಂದು ಬಗೆಯ ರಾಜಿಯ ಫಲಗಳು. ಅಗಲವಾದ ಗಿಡ್ಡ ಕೊಳವೆಯನ್ನು ಹಾಕಿಸಿಕೊಂಡವರು ನಿಧಾನದ ಬಲವನ್ನು ಕಳೆದುಕೊಳ್ಳಬಹುದಾದದ್ದು ಎದುರೊತ್ತಡ ಹೋದುದರಿಂದಲ್ಲ, ಅಲೆಯ ಹೊತ್ತು ತಪ್ಪಿದುದರಿಂದ.

ಡೀಸೆಲ್ ಇಂಜಿನ್ನುಗಳ ಕತೆ ಬೇರೆ. ಅವುಗಳಲ್ಲಿ ಹೊರಹೋಗುವ ಹೊಗೆಯೇ ಟರ್ಬೈನೊಂದನ್ನು ತಿರುಗಿಸಿ, ಅದರ ಮೂಲಕ ಹೊಸ ಗಾಳಿಯನ್ನು ಒಳಕ್ಕೆ ಒತ್ತುತ್ತದೆ. ಟರ್ಬೈನಿನ ಮುಂದಿನ ಹಾಗೂ ಹಿಂದಿನ ಒತ್ತಡಗಳ ಅಂತರವೇ ಅದರ ಜೀವಾಳ. ಆದುದರಿಂದ ಟರ್ಬೈನಿನಿಂದಾಚೆಗೆ ದಾರಿ ಸಲೀಸಾದಷ್ಟೂ ಲಾಭವಿದೆ. ಇಲ್ಲಿಯೇ ದೊಡ್ಡ ಆಮಿಷವೂ ಅಡಗಿದೆ. ಆ ದಾರಿಯಲ್ಲಿ ಕುಳಿತಿರುವುದು ಮಸಿಯನ್ನು ಹಿಡಿಯುವ ಸೋಸುಗ. ಜೇನುಹುಟ್ಟಿನಂತಹ ಸೆರಾಮಿಕ್ ಗೋಡೆಗಳ ರಂಧ್ರಗಳ ಮೂಲಕ ಹೊಗೆ ಹಾದುಹೋಗುವಾಗ ಮಸಿಯ ಕಣಗಳು ಗೋಡೆಗೆ ಅಂಟಿಕೊಳ್ಳುತ್ತವೆ. ಆಗಾಗ ಸುಮಾರು 600 ಡಿಗ್ರಿಯ ಶಾಖದಲ್ಲಿ ಅವನ್ನು ಸುಟ್ಟು ಸೋಸುಗವನ್ನು ಹಸನುಮಾಡಲಾಗುತ್ತದೆ. ಇನ್ನೊಂದು ಪಾತ್ರೆಯಲ್ಲಿ ಯೂರಿಯಾ ದ್ರಾವಣದಿಂದ ಹುಟ್ಟಿದ ಅಮೋನಿಯಾ, ನೈಟ್ರೊಜನ್ನಿನ ಆಕ್ಸೈಡುಗಳನ್ನು ನಿರಪಾಯವಾದ ನೈಟ್ರೊಜನ್ ಮತ್ತು ನೀರನ್ನಾಗಿ ಮಾರ್ಪಡಿಸುತ್ತದೆ. "ಇವನ್ನು ಕಿತ್ತೆಸೆದು ನೇರವಾದ ಕೊಳವೆಯನ್ನು ಕೂರಿಸಿರಿ, ಟ್ರಕ್ಕು ಆನೆಯಂತೆ ಎಳೆಯುತ್ತದೆ" ಎಂಬುದೇ ಆ ಆಮಿಷ.

ಹಲವರು ಇದಕ್ಕೆ ಒಲಿದಿದ್ದಾರೆ. ಅಮೆರಿಕದ ಪರಿಸರ ರಕ್ಷಣಾ ಇಲಾಖೆ 2020ರಲ್ಲಿ ಹೊರತಂದ ವರದಿಯ ಅಂದಾಜಿನಂತೆ, ಅದಕ್ಕೆ ಹಿಂದಿನ ಸುಮಾರು ಒಂದು ದಶಕದಲ್ಲಿ 5,50,000ಕ್ಕೂ ಹೆಚ್ಚು ಡೀಸೆಲ್ ಪಿಕಪ್ಪುಗಳಿಂದ ಈ ಸಾಧನಗಳನ್ನು ತೆಗೆದುಹಾಕಲಾಗಿತ್ತು. ಆ ವಾಹನಗಳು ತಮ್ಮ ಆಯುಷ್ಯದಲ್ಲಿ ಹೆಚ್ಚಾಗಿ ಕಾರುವ ನೈಟ್ರೊಜನ್ ಆಕ್ಸೈಡುಗಳು 5,70,000 ಟನ್ನನ್ನೂ, ಸೂಕ್ಷ್ಮಕಣಗಳು 5,000 ಟನ್ನನ್ನೂ ಮುಟ್ಟುವುದೆಂದು ಅದೇ ವರದಿ ಹೇಳಿತು. ಗಾಳಿಯ ಮಟ್ಟಿಗೆ ಇದು 90 ಲಕ್ಷಕ್ಕೂ ಹೆಚ್ಚು ಹೊಸ ಟ್ರಕ್ಕುಗಳನ್ನು ರಸ್ತೆಗೆ ಇಳಿಸಿದುದಕ್ಕೆ ಸಮವಂತೆ. ನೈಟ್ರೊಜನ್ ಆಕ್ಸೈಡುಗಳು ಬಿಸಿಲಿನಲ್ಲಿ ಓಜೋನನ್ನು ಹುಟ್ಟಿಸಿ ಉಸಿರಿನ ರೋಗಗಳನ್ನು ಕೆರಳಿಸುತ್ತವೆ. ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುವುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ನಿರ್ಣಯಿಸಿದೆ.

ಎದುರು ಪಕ್ಷದ ಮಾತನ್ನೂ ಕೇಳಬೇಕಾದದ್ದು ನ್ಯಾಯ. ಸೋಸುಗ ಕಟ್ಟಿಕೊಂಡು ವಾಹನ ನಡುದಾರಿಯಲ್ಲಿ ನಿಂತುಹೋಗುವುದುಂಟು. ಹೊಸದನ್ನು ಕೂರಿಸಲು ತಗಲುವ ಖರ್ಚು ಅಲ್ಪವಲ್ಲ. ಟ್ರಕ್ಕನ್ನೇ ನಂಬಿ ಬಾಳುವ ರೈತನಿಗೂ ಕಸುಬುದಾರನಿಗೂ ಇದು ನಿಜವಾದ ಸಂಕಟ. ಅವರ ಸಂಕಟವನ್ನು ನಾವು ಹಗುರಾಗಿ ಎಣಿಸುವುದಿಲ್ಲ. ಆದರೆ ಮನೆಯ ಬಚ್ಚಲು ಕಟ್ಟಿಕೊಂಡಿತೆಂದು ಕೊಳಚೆಯನ್ನು ಪಕ್ಕದ ಮನೆಯ ಅಂಗಳಕ್ಕೆ ತಿರುಗಿಸುವುದು ಪರಿಹಾರವಾದೀತೆ? ಸೋಸುಗ ಮೇಲಿಂದ ಮೇಲೆ ಕಟ್ಟಿಕೊಳ್ಳುತ್ತಿದ್ದರೆ ಹೆಚ್ಚಿನ ಸಂದರ್ಭಗಳಲ್ಲಿ ದೋಷ ಇರುವುದು ಇಂಜಿನ್ನಿನಲ್ಲಿಯೋ ಓಡಿಸುವ ಕ್ರಮದಲ್ಲಿಯೋ. ಮದ್ದನ್ನು ಅಲ್ಲಿ ಹುಡುಕಬೇಕು. ಅಮೆರಿಕದ ಶುದ್ಧವಾಯು ಕಾನೂನು ಈ ಸಾಧನಗಳನ್ನು ಕಳಚುವುದನ್ನು ನಿಷೇಧಿಸಿದೆ. ಪೆಟ್ರೋಲ್ ವಾಹನದ ಕ್ಯಾಟಲಿಟಿಕ್ ಕನ್ವರ್ಟರಿಗೂ ಇದೇ ನಿಯಮ. ಆದರೆ ನಮ್ಮ ಅಭಿಪ್ರಾಯದಲ್ಲಿ ಕಾನೂನಿನ ಭಯಕ್ಕಿಂತಲೂ ಮಿಗಿಲಾದ ಕಾರಣವೆಂದರೆ, ಆ ಹೊಗೆಯನ್ನು ಉಸಿರಾಡುವವರು ನಮ್ಮ ಹೊರೆಯ ಪ್ರಯೋಜನವನ್ನು ಪಡೆಯದವರು ಎಂಬುದು.

ಇಷ್ಟು ಹೊತ್ತು ಏರಿನ ಮಾತಾಯಿತು. ಹತ್ತಿದವನು ಇಳಿಯಲೂ ಬೇಕಷ್ಟೆ. 6,000 ಕಿಲೋಗ್ರಾಂ ಭಾರ 900 ಮೀಟರು ಕೆಳಗಿಳಿಯುವಾಗ ಬಿಟ್ಟುಕೊಡುವ ಶಕ್ತಿ, ಸುಮಾರು 150 ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ಕಾಯಿಸಲು ಸಾಕು. ಗಾಳಿಯ ತಡೆ, ಉರುಳು ಘರ್ಷಣೆಗಳು ಅದರಲ್ಲಿ ಒಂದು ಪಾಲನ್ನು ನುಂಗಿದರೂ ಉಳಿದದ್ದನ್ನೆಲ್ಲ ಬ್ರೇಕುಗಳೇ ಹೊತ್ತರೆ ಅವು ಕಾದು ಹಿಡಿತ ತಪ್ಪುವ ಅಪಾಯವಿದೆ. ಆಗ ನೆರವಿಗೆ ಬರುವುದು ಯಾವುದು? ನಾವು ಇದುವರೆಗೆ ಹಳಿದ ಅದೇ ಎದುರೊತ್ತಡ! ದೊಡ್ಡ ಡೀಸೆಲ್ ಟ್ರಕ್ಕುಗಳಲ್ಲಿ ಇಳಿಜಾರಿನಲ್ಲಿ ಹೊಗೆಯ ದಾರಿಯನ್ನು ಬೇಕೆಂದೇ ಇಕ್ಕಟ್ಟುಗೊಳಿಸುವ ಹೊಗೆಬ್ರೇಕು ಇರುತ್ತದೆ. ಪಿಸ್ಟನ್ನುಗಳು ಆ ಒತ್ತಡಕ್ಕೆದುರಾಗಿ ದುಡಿದು ದಣಿಯುತ್ತವೆ, ವಾಹನ ನಿಧಾನವಾಗುತ್ತದೆ, ಗಾಲಿಯ ಬ್ರೇಕುಗಳು ತಣ್ಣಗಿರುತ್ತವೆ. ಭಾರವಾದ ಹೊರೆಯನ್ನು ಎಳೆಯುವ ಡೀಸೆಲ್ ಟ್ರಕ್ಕಿನ ಹೊಗೆಗೊಳವೆಗೆ ಹಣ ಸುರಿಯಬೇಕೆಂದಿರುವವರು ಮೊದಲು ಕೇಳಬೇಕಾದದ್ದು ಈ ಸಾಧನವನ್ನು.

ಸದ್ದಿನ ವಿಷಯವನ್ನೂ ಹೇಳಿಬಿಡೋಣ. ಒಂದು ಮೀಟರು ದೂರದಲ್ಲಿ 110 ಡೆಸಿಬೆಲ್ ಅಳತೆಯ, ಕಿವಿ ಮುಚ್ಚಿಕೊಳ್ಳಬೇಕೆನಿಸುವ ಆರ್ಭಟದಲ್ಲಿ ಅಡಗಿರುವ ಶಕ್ತಿ ಒಂದೂಕಾಲು ವ್ಯಾಟಿನಷ್ಟು. ಒಂದು ಅಶ್ವಶಕ್ತಿಗೆ 746 ವ್ಯಾಟು. ಆ ಆರ್ಭಟವನ್ನೆಲ್ಲ ಹಿಡಿದು ಗಾಲಿಗೆ ಕಟ್ಟಿದರೂ ಒಂದು ಕುದುರೆಯ ಆರುನೂರನೆಯ ಒಂದು ಪಾಲು ದೊರೆಯುತ್ತದೆ. ಸದ್ದನ್ನು ಅಡಗಿಸುವ ಪೆಟ್ಟಿಗೆ ಚೆನ್ನಾಗಿ ರಚಿತವಾಗಿದ್ದರೆ ಅನಿಲದ ಹರಿವಿಗೆ ಹೆಚ್ಚು ತೊಡಕು ಮಾಡದೆಯೇ ಅಲೆಗಳನ್ನು ಶಾಂತಗೊಳಿಸುತ್ತದೆ. ಸದ್ದೂ ಬಲವೂ ಬೇರೆ ಬೇರೆ ಸಂಗತಿಗಳು. ಎಂಟು ಸಿಲಿಂಡರುಗಳ ಇಂಜಿನ್ನು 2,000 ಸುತ್ತುಗಳಲ್ಲಿ ಸೆಕೆಂಡಿಗೆ 133 ಬಾರಿ ಮಿಡಿಯುತ್ತದೆ. ಆ ಮೊರೆತ ಮುಚ್ಚಿದ ಕೋಣೆಯೊಳಗೆ ನಾಲ್ಕು ಗಂಟೆ ಕಾಲ ಅನುರಣಿಸಿದರೆ ಚಾಲಕನ ತಲೆ ನೋಯದಿದ್ದೀತೆ? ದಣಿದ ಚಾಲಕನ ಕೈಯಲ್ಲಿ 6,000 ಕಿಲೋಗ್ರಾಂ ಇದೆಯೆಂಬುದನ್ನು ಮರೆಯಬಾರದು.

ಆದುದರಿಂದ ನಮ್ಮ ವಿದ್ಯಾರ್ಥಿಗೆ ಬರೆದ ಸಲಹೆ ಇಷ್ಟು. ಮೊದಲು ಗಾಡಿಮನೆಯ ಬ್ರೇಕುಗಳನ್ನು ತಜ್ಞರಿಗೆ ತೋರಿಸಿರಿ. ತಯಾರಕರು ವಿಧಿಸಿದ ಒಟ್ಟು ತೂಕವನ್ನು ಮೀರದಂತೆ ತಕ್ಕಡಿಯಲ್ಲಿ ತೂಗಿಸಿರಿ. ಎರಡನೆಯದಾಗಿ, ಉಷ್ಣವನ್ನು ನೋಡಿಕೊಳ್ಳಿರಿ. 90 ಕಿಲೋವ್ಯಾಟ್ ಕೆಲಸ ಮಾಡುವ ಇಂಜಿನ್ನು ಹೆಚ್ಚುಕಡಮೆ ಅಷ್ಟೇ ಶಾಖವನ್ನು ತಣಿಸುವ ನೀರಿಗೆ ಒಪ್ಪಿಸುತ್ತದೆ; ಎಂದರೆ ಒಂದು ಕಿಲೋವ್ಯಾಟಿನ ತೊಂಬತ್ತು ವಿದ್ಯುತ್ ಒಲೆಗಳು ಹದಿನೇಳು ನಿಮಿಷ ಎಡೆಬಿಡದೆ ಉರಿದಂತೆ. ರೇಡಿಯೇಟರು, ಗೇರುಪೆಟ್ಟಿಗೆಯ ಎಣ್ಣೆ ಹಾಗೂ ಅದನ್ನು ತಣಿಸುವ ಸಾಧನ ಸುಸ್ಥಿತಿಯಲ್ಲಿರಬೇಕು. ಮೂರನೆಯದಾಗಿ, ಹಣ ಉಳಿದರೆ ಹಿಂದಿನ ಅಚ್ಚಿನ ಹಲ್ಲುಚಕ್ರಗಳ ಪ್ರಮಾಣವನ್ನು ಕುರಿತು ಯೋಚಿಸಿರಿ, 3.42ರ ಬದಲು 3.73 ಆದರೆ ಪ್ರತಿಯೊಂದು ಗೇರಿನಲ್ಲಿಯೂ ಗಾಲಿಯ ಬಲ ನೂರಕ್ಕೆ ಒಂಬತ್ತರಷ್ಟು ಹೆಚ್ಚುತ್ತದೆ. ಇಷ್ಟೆಲ್ಲ ಆದ ಮೇಲೆ, ಹಳೆಯ ಹೊಗೆಗೊಳವೆ ತುಕ್ಕು ಹಿಡಿದಿದ್ದರೆ, ಕನ್ವರ್ಟರನ್ನು ಮುಟ್ಟದೆ ಅದರ ಹಿಂದಿನ ಭಾಗವನ್ನು ಮಾತ್ರ ಬದಲಾಯಿಸಿರಿ, ವ್ಯಾಸ ಮೂರು ಅಂಗುಲ ಸಾಕು, ಪೆಟ್ಟಿಗೆ ಮೌನವಾದದ್ದಿರಲಿ. ಮಾರುವವರನ್ನು ಒಂದು ಪ್ರಶ್ನೆ ಕೇಳಲು ಮರೆಯದಿರಿ: "ನೀವು ಹೇಳುವ ಲಾಭ ಎಷ್ಟು ಸುತ್ತುಗಳಲ್ಲಿ?" ಉತ್ತರ 5,000 ಎಂದು ಬಂದರೆ ನಮಸ್ಕಾರ ಹೇಳಿ ಹೊರಡಿರಿ.

ಇದು ದೂರದೇಶದ ಮಾತೆಂದು ನಮ್ಮ ವಾಚಕರು ತಿಳಿಯಬೇಕಾಗಿಲ್ಲ. ಸೈಲೆನ್ಸರನ್ನು ಕಿತ್ತು, ಬೀದಿಯೆಲ್ಲ ನಡುಗುವಂತೆ ಮೋಟಾರ್ ಸೈಕಲ್ಲನ್ನು ಓಡಿಸುವ ತರುಣರು ನಮ್ಮ ಕಾಲೇಜಿನ ಬಾಗಿಲಲ್ಲಿಯೂ ಕಾಣಸಿಗುತ್ತಾರೆ. ತಯಾರಕರ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಮ್ಮ 1988ರ ಮೋಟಾರು ವಾಹನಗಳ ಕಾನೂನೂ ತಡೆಯುತ್ತದೆ. ಆದರೆ ದಂಡ ತೆತ್ತವನು ತಗ್ಗಿದ ಧ್ವನಿಯಲ್ಲಿ ಗೊಣಗಬಹುದೇ ಹೊರತು ತಿದ್ದಿಕೊಂಡಾನೆಂಬ ಭರವಸೆಯಿಲ್ಲ. ಲೆಕ್ಕ ಮಾಡಿ ನೋಡಿದವನು ತಿದ್ದಿಕೊಳ್ಳುತ್ತಾನೆ. ತರಗತಿಯಲ್ಲಿ ಒತ್ತಡ, ಅಲೆ, ಶಕ್ತಿಗಳನ್ನು ಕುರಿತು ಕಲಿಸುವಾಗ ನಾವು ಅಧ್ಯಾಪಕರು ಇಂತಹ ಉದಾಹರಣೆಗಳನ್ನು ಎತ್ತಿಕೊಳ್ಳದಿರುವುದು ನಮ್ಮದೇ ಲೋಪ. ಕೊಳವೆಯನ್ನು ಮಾರುವವನು ಬೆಲೆಯನ್ನು ಹೇಳುತ್ತಾನೆ. ಎಷ್ಟು ಲಾಭ, ಅದರ ಖರ್ಚು ಯಾರ ಪಾಲಿಗೆ ಎಂಬುದನ್ನು ಕೊಳ್ಳುವವನೇ ಲೆಕ್ಕ ಹಾಕಿಕೊಳ್ಳಬೇಕು.